ಚಪ್ಪಲಿ ಎಳೆಯುವ ದಾನಿಶ

ಇಳಕಲ್
೯ ಫೆಬ್ರವರಿ ೨೦೨೫

ಪ್ರೀತಿಯ ಸಾಜಿಯಾ ಆಪಾ,

ಸಲಾಂ. ಕಾಗದ ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ದಾನಿಶನ ಮಂಚಕ್ಕೆ ಎಲ್ಲ ಕೇಳುತ್ತದೆ. ವಾಟ್ಸಾಪಿನಲ್ಲಿ ಬರೆದರೆ ನಿನಗಿಂತ ಮೊದಲು ನಿನ್ನ ಮಕ್ಕಳೇ ಓದಿ ಮುಗಿಸಿರುತ್ತಾರೆ.

ಅಮ್ಮಿಯ ಶುಗರ್ ಹತೋಟಿಯಲ್ಲಿದೆ. ತಮ್ಮ ದಾನಿಶ ಹಾಗೇ ಇದ್ದಾನೆ. ಗ್ರಾನೈಟ್ ಹಲಗೆ ಸೊಂಟದ ಮೇಲೆ ಬಿದ್ದು ಕಾಲು ಹೋದಾಗಿನಿಂದ ಅವನು ಮನೆ ಬಿಟ್ಟು ಹೋಗುತ್ತಿದ್ದದ್ದು ಆ ಕಂಪ್ಯೂಟರಿನ ಬಸ್ ಆಟದೊಳಗೆ ಮಾತ್ರ. ಚೆನ್ನಾಗಿದ್ದಾಗ ಅವನೂ ಕೆರೂರಿನ ಗೆಳೆಯ ಹಣಮೇಶನೂ ಕೂತು ನಮ್ಮ ಇಳಕಲ್-ಬಾದಾಮಿ ರಸ್ತೆಯನ್ನು ತಾವೇ ಮಾಡಿ ಅದಕ್ಕೆ ಸೇರಿಸಿದ್ದರಲ್ಲ, ಆ ರಸ್ತೆ. ದಿನಾ ಬಸ್ ಹೊಡೆದುಕೊಂಡು ಬಾದಾಮಿ ಮುಟ್ಟಿ ಬರುತ್ತಿದ್ದ.

ಈಗ ಎಂಜಿನ್ ಬದಲಾಯಿತಂತೆ. ಬಸ್ಸಿನದಲ್ಲ, ಆಟವನ್ನೇ ಓಡಿಸುವ ಎಂಜಿನ್. ಹಳೆಯ ಆಟ ತೆರೆಯುವುದೇ ಇಲ್ಲ. ಇವರಂಥವರು ಮಾಡಿ ಸೇರಿಸಿದ ಮಾಡ್‌ಗಳನ್ನೆಲ್ಲ ಹೊಸದಕ್ಕೆ ಹೊಂದುವಂತೆ ಮತ್ತೆ ಕೂಡಿಸಬೇಕು. ಹಣಮೇಶ ಪಾಪ ಪ್ರತಿ ರವಿವಾರ ಬಂದು ಕೂತ. ಸೀರೆಗೆ ಸೆರಗು ಕೂಡಿಸುವಾಗ ಅಬ್ಬಾ ಒಂದೊಂದೇ ಎಳೆಗೆ ಕೊಂಡಿ ಹಾಕುತ್ತಿದ್ದರಲ್ಲ, ಅಷ್ಟು ತಾಳ್ಮೆ. ರಸ್ತೆ ಬಂತು. ಗುಳೇದಗುಡ್ಡದ ಮಗ್ಗದ ಮನೆಗಳೂ ಬಂದವು, ಮೊದಲಿಗಿಂತ ಚಂದ.

ಮೊದಲು ಆಟದೊಳಗಿನ ಪ್ಯಾಸೆಂಜರ್ ಪದ್ಮವ್ವ ಕುಪ್ಪಸದ ಖಣದ ಗಂಟು ಹಿಡಿದು ದಾರಿಯಲ್ಲಿ ಎಲ್ಲಿ ಕೈ ಮಾಡಿದರೂ ಬಸ್ಸು ನಿಲ್ಲುತ್ತಿತ್ತು. ಹೊಸದರಲ್ಲಿ ಸ್ಟಾಪ್ ಇದ್ದಲ್ಲಿ ಮಾತ್ರ.

"ಪದ್ಮವ್ವನ್ನ ಬಿಟ್ಟು ಹ್ಯಾಂಗ ಹೋಗ್ಲಿ ಲೇ?" ಅಂದ ದಾನಿಶ.

"ತಡಿಯೋ, ಅದನ್ನೂ ಮಾಡ್ತೇನಿ" ಅಂದ ಹಣಮೇಶ. ಮಾಡಿಯೂ ಮಾಡಿದ. ಬಸ್ಸು ನಿಂತಿತು, ಪದ್ಮವ್ವ ಹತ್ತಿದಳು.

ಆದರೂ ಹೋದ ರವಿವಾರದಿಂದ ದಾನಿಶ ಕಂಪ್ಯೂಟರ್ ಮುಟ್ಟಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾನೆ. ಊಟಕ್ಕೆ ಕರೆದರೆ ಚಾದರ ಮುಖದ ಮೇಲೆ ಎಳೆದುಕೊಳ್ಳುತ್ತಾನೆ. ನನಗೆ ಸಾಕಾಗಿದೆ ಆಪಾ, ಏನು ಮಾಡಬೇಕೋ ತಿಳಿಯದು.

ಅಲ್ಲಾಹ್ ನಿನ್ನ ಮನೆಯನ್ನಾದರೂ ನಗುತ್ತ ಇಟ್ಟಿರಲಿ. ಮಕ್ಕಳಿಗೆ ಮುತ್ತು.

ನಿನ್ನ ತಂಗಿ,
ಜಾಸ್ಮಿನ

ತಾ.ಕ.: ಕಾರಣ ಬರೆಯಲು ಕೈ ಬರಲಿಲ್ಲ. ಹಳೆಯ ಆಟದ ಇಳಕಲ್ ಬಸ್ ಸ್ಟ್ಯಾಂಡಿನಲ್ಲಿ ದಾನಿಶನೂ ಓಡಾಡುತ್ತಿದ್ದ. ಚೆನ್ನಾಗಿದ್ದಾಗಿನ ಅವನ ನಡಿಗೆಯನ್ನೇ ವಿಡಿಯೊ ತೆಗೆದು ಮಾಡಿದ್ದು. ಚಪ್ಪಲಿ ಎಳೀತಾನೆಂದು ಅಮ್ಮಿ ಬೈಯುತ್ತಿದ್ದಳಲ್ಲ, ಥೇಟ್ ಹಾಗೇ. ಆ ನಡಿಗೆಯೊಂದು ಹೊಸದಕ್ಕೆ ಬರಲೇ ಇಲ್ಲ. ಆಟದ ದಾನಿಶ ಕಾಲು ಎತ್ತದೆ, ನಿಂತಲ್ಲಿಂದ ಹಾಗೇ ಜಾರುತ್ತ ಹೋಗುತ್ತಾನೆ.

"ಬ್ಯಾರೆದವರ ನಡಿಗಿ ಹಾಕ್ಲ್ಯಾ?" ಅಂತ ಹಣಮೇಶ ಕೇಳಿದ.

ದಾನಿಶ ಮೌಸನ್ನು ಅವನ ಕಡೆ ಸರಿಸಿದ. "ಬ್ಯಾಡ ಬಿಡು ಲೇ. ಅಲ್ಲೇ ಕಟ್ಟಿ ಮ್ಯಾಲ ಕುಂದ್ರಿಸಿಬಿಡು ಅವನ್ನ."