ಹೊಸ ಗೈಡು ಬಂದ ಮೇಲೆ

ಕಗ್ಗದಾಸಪುರ, ಬೆಂಗಳೂರು
14 ಸೆಪ್ಟೆಂಬರ್ 2025, ಭಾನುವಾರ

ರಮ್ಯಶ್ರೀಯ ಅಪ್ಪನಿಗೆ ನಾಗವೇಣಿ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಬೆನ್ನು ನೋವು ಕಡಿಮೆಯಾಯಿತೇ? ಬೆಟ್ಟದ ಮೇಲೆ ಆಗಲೇ ಚಳಿ ಹಿಡಿದಿದೆ ಎಂದು ಹಲಸೂರಿನ ಮುತ್ತುರಾಜ್ ಹೇಳಿದರು. ರಜೆ ಮುಗಿಸಿ ಗಡಿಯಲ್ಲಿರುವ ನಿಮ್ಮ ಪೋಸ್ಟಿಗೇ ವಾಪಸ್ ಹೊರಟಿದ್ದಾರೆ. ಫೋನ್ ಸಿಗದ ಜಾಗಕ್ಕೆ ಇನ್ನೇನು ದಾರಿ, ಅವರ ಕೈಯಲ್ಲೇ ಈ ಪತ್ರ, ಜೊತೆಗೆ ಉಣ್ಣೆ ಕಾಲುಚೀಲ, ರಾಗಿ ಹುರಿಹಿಟ್ಟು. ಹುರಿಹಿಟ್ಟನ್ನು ಊರಿಗೆಲ್ಲ ಹಂಚಿ ನೀವು ಖಾಲಿ ಡಬ್ಬ ಇಟ್ಟುಕೊಳ್ಳುವವರೆಂದು ಗೊತ್ತು, ಅದಕ್ಕೇ ಇನ್ನೊಂದು ಡಬ್ಬವನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಅತ್ತೆ ಚೆನ್ನಾಗಿದ್ದಾರೆ. ಮಂಡಿ ನೋವಿದ್ದರೂ ಬಾಡಿಗೆ ರೂಮುಗಳಿಗೆ ನೀರಿನ ಮೋಟಾರು ತಾವೇ ಹಾಕಬೇಕು, ಬೇರೆಯವರು ಮುಟ್ಟಬಾರದು. ರಮ್ಯ ನನ್ನ ಭುಜದವರೆಗೆ ಬಂದಿದ್ದಾಳೆ.

ನೀವು ಹೋಗುವ ಮುಂಚೆ ಬ್ರೌನ್ ಪೇಪರ್ ಹಾಕಿಕೊಟ್ಟ ಮನೆಪಾಠದ ಗೈಡು ಈಗ ನಡೆಯುವುದಿಲ್ಲ. ಶಾಲೆಗೆ ಹೋಗದ ಮಕ್ಕಳಿಗೆ ಸರ್ಟಿಫಿಕೇಟ್ ಕೊಡುವ ಆ ಸಂಸ್ಥೆಯವರು ಜೂನ್‌ನಲ್ಲಿ ಹೊಸದು ಕಳಿಸಿದರು. ಹಳೆಯದಕ್ಕೆ ತಾಯಿ, ಮಗು, ಒಂದು ಅಡುಗೆಮನೆ ಇದ್ದರೆ ಸಾಕಿತ್ತು, ಸೇರು ಪಾವಿನಲ್ಲಿ ರಾಗಿ ಅಳೆದೇ ಅವಳಿಗೆ ಭಿನ್ನರಾಶಿ ಕಲಿಸಿದ್ದೆ. ಹೊಸದರಲ್ಲಿ ನಾನು ಬರೀ ವೀಕ್ಷಕಿಯಂತೆ. ದಿನಾ ಬೆಳಿಗ್ಗೆ ಮಗು ತನ್ನ ಓರಗೆಯ ಮಕ್ಕಳ ಗುಂಪಿನಲ್ಲಿ ಕೂತು ಕಲಿಯಬೇಕು, ಅದರ ವಿಡಿಯೋ ಕಳಿಸಬೇಕು, ಇಲ್ಲದಿದ್ದರೆ ಐದನೇ ತರಗತಿಯ ಸರ್ಟಿಫಿಕೇಟ್ ಇಲ್ಲ. ಶಾಲೆಯೇ ಬೇಡವೆಂದು ಮನೆಪಾಠ ಹಿಡಿದವರಿಗೆ ಗುಂಪು ತನ್ನಿ ಎಂದರೆ ಎಲ್ಲಿಂದ ತರಲಿ? ಮೈಯೆಲ್ಲ ಉರಿಯಿತು. ಆದರೆ ನಿಮಗೆ ಮಾತು ಕೊಟ್ಟಿದ್ದೆ. ಬೀದಿ ಕೊನೆಯ ಸರ್ಕಾರಿ ಶಾಲೆಯಲ್ಲಿ ಯಾವುದೋ ಕಾಲದ ಮೇಷ್ಟ್ರು ನಿಮ್ಮನ್ನು ಬಿಸಿಲಲ್ಲಿ ಮಂಡಿಯೂರಿಸಿದ್ದನ್ನು ಹೇಳುವಾಗ ಇವತ್ತಿಗೂ ನಿಮ್ಮ ದನಿ ಬೇರೆಯಾಗುತ್ತದೆ. "ನನ್ ಮಗಳು ಆ ಗೇಟ್ ದಾಟ್ಬಾರ್ದು ಕಣೇ" ಅಂದಿದ್ದಿರಿ. ನಾನೂ ದಾಟಿಸಿರಲಿಲ್ಲ.

ಆಗ ಹೊಳೆದದ್ದು ನಮ್ಮ ಮನೆ ಹಿಂದಿನ ಸಾಲಿನ ಬಾಡಿಗೆ ರೂಮುಗಳ ಮಕ್ಕಳು. ಯಾದಗಿರಿ ಕಡೆಯ ಸಾಬಮ್ಮ ನಿಮಗೆ ಗೊತ್ತಲ್ಲ, ಸೆಂಟ್ರಿಂಗ್ ಕೆಲಸದ ಹುಲಿಗೆಪ್ಪನ ಹೆಂಡತಿ, ಅಪಾರ್ಟ್‌ಮೆಂಟಿನಲ್ಲಿ ಗುಡಿಸಿ ಒರೆಸುವವಳು. ಅವಳ ಮಗಳು ಲಕ್ಷ್ಮಿದೇವಿಗೆ ನಮ್ಮ ರಮ್ಯಳದೇ ವಯಸ್ಸು. ನಲ್ಲಿಯ ಹತ್ತಿರ ಸಿಕ್ಕಾಗ, ಬೆಳಿಗ್ಗೆ ಹೊತ್ತು ಮಗಳನ್ನು ನಮ್ಮನೆಗೆ ಕಳಿಸು, ಪಕ್ಕದ ರೂಮುಗಳ ಮಕ್ಕಳೂ ಬರಲಿ ಅಂದೆ. "ಕಳಸ್ತೀನ್ರಿ ಅಕ್ಕೋರ" ಅಂದಳು, ಅಷ್ಟೇ. ಶಾಲೆಗೆ ಸೇರಿಸಿದ್ದೀಯಾ ಎಂದು ನಾನು ಕೇಳಲಿಲ್ಲ. ಕೂಲಿ ಹುಡುಕಿಕೊಂಡು ಬಂದವರು, ಇನ್ನೂ ಸೇರಿಸಿರಲಾರರು ಎಂದು ನಾನೇ ತೀರ್ಮಾನ ಮಾಡಿಕೊಂಡೆ.

ಮಕ್ಕಳು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ತಪ್ಪದೆ ಬಂದರು. ನಾನು ದೋಸೆ ಹಾಕಿಕೊಟ್ಟೆ. ರಮ್ಯ ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ, ಲಕ್ಷ್ಮಿ ಇದ್ದರೆ ಅವಳಿಗೆ ಗುಣಾಕಾರವೂ ಆಟ. ಆ ಲಕ್ಷ್ಮಿಯದೊಂದು ಅಭ್ಯಾಸ. ಬೀದಿ ಕೊನೆಯಿಂದ ಶಾಲೆಯ ಪ್ರಾರ್ಥನೆ ಕೇಳಿಸಿದ ಕೂಡಲೇ ಎದ್ದು ಕೈಕಟ್ಟಿ ನಿಲ್ಲುತ್ತಿದ್ದಳು. ಕೂತ್ಕೊಳಮ್ಮ, ವಿಡಿಯೋ ಆಗ್ತಿದೆ ಎಂದು ನಾನು ಕೂರಿಸುತ್ತಿದ್ದೆ. ಒಳ್ಳೆಯ ಸಂಸ್ಕಾರದ ಹುಡುಗಿ ಎಂದುಕೊಂಡೆ. ಸಂಸ್ಥೆಯವರೂ ಗುಂಪು ತುಂಬಾ ಚೆನ್ನಾಗಿದೆ ಎಂದು ಬರೆದರು, ನಾನು ಉಬ್ಬಿಹೋದೆ.

ಹೋದ ವಾರ ಆ ಶಾಲೆಯ ನೂರ್ಜಹಾನ್ ಮೇಡಂ ನಮ್ಮ ಗೇಟಿನ ಹತ್ತಿರ ಬಂದು ನಿಂತರು. "ನಿಮ್ ರೂಮ್‌ಗಳ ಮಕ್ಕಳು ಶಾಲೆಗೇ ಬರ್ತಿಲ್ಲ ಮೇಡಂ. ಓನರ್ ಮನೇಲಿ ಕೆಲ್ಸ ಅಂತಾರೆ. ಲಕ್ಷ್ಮಿದೇವಿ ನಮ್ಮಲ್ಲಿ ಪ್ರಾರ್ಥನೆ ಹೇಳಿಸ್ತಿದ್ದೋಳು" ಅಂದರು. ಸಾಬಮ್ಮನನ್ನು ಕರೆದು, ಯಾಕೆ ಹೇಳಲಿಲ್ಲ ಅಂದೆ. "ಮಾಲಕ್ರು ಕರದ್ರ ಒಲ್ಲೆ ಅನ್ಲಾಕ ಬರ್ತದೇನ್ರಿ? ರೂಮ್ ಬಿಡ್ರಿ ಅಂದ್ರ ಎಲ್ಲಿಗಿ ಹೋಗ್ಬೇಕ್ರಿ" ಅಂದಳು. ಸಿಟ್ಟಿನಿಂದಲ್ಲ, ನನಗೇ ತಿಳಿಸಿ ಹೇಳುವ ಹಾಗೆ. ನಾನು ಕೇಳಿಕೊಂಡೆ ಎಂದುಕೊಂಡಿದ್ದು ಅವಳಿಗೆ ಅಪ್ಪಣೆಯಾಗಿತ್ತು. ಅತ್ತೆ ಸಮಾಧಾನ ಮಾಡಲು ಬಂದರು. "ನಿಮ್ಮಾವ ಕೂಗಿದ್ರೆ ಆಳುಗಳು ಉಣ್ಣೋ ಮುದ್ದೆ ಬಿಟ್ಟು ಎದ್ಬರೋರು. ಇಷ್ಟಕ್ಕೆಲ್ಲ ಯಾಕ್ ಕೊರಗ್ತೀಯ?" ಆ ಮಾತು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ.

ಮಕ್ಕಳನ್ನು ಮಾರನೆಯ ದಿನವೇ ಶಾಲೆಗೆ ಕಳಿಸಿದೆ. ತಪ್ಪಿದ ಪಾಠಗಳನ್ನು ಸಂಜೆ ನಾನೇ ಅವರ ರೂಮಿಗೆ ಹೋಗಿ ಹೇಳಿಕೊಡುತ್ತಿದ್ದೇನೆ. ಸಾಬಮ್ಮ ನನಗೆ ಚಾಪೆ ಹಾಸಿ ತಾನು ಬಾಗಿಲಲ್ಲೇ ನಿಂತಿರುತ್ತಾಳೆ, ಕೂರು ಎಂದರೂ ಕೂರುವುದಿಲ್ಲ. ಈಗ ಕೂರು ಅನ್ನುವುದಕ್ಕೂ ನನಗೆ ಹೆದರಿಕೆ. ರಮ್ಯ ಈಗ ಮತ್ತೆ ಒಬ್ಬಳೇ. ಗೈಡಿನ ಮುಂದೆ ಕೂರುತ್ತಾಳೆ, ಹಾಳೆ ತಿರುಗುವುದಿಲ್ಲ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಮಗಳು ಕಾಲುಚೀಲದೊಳಗೆ ಏನೋ ಚಿತ್ರ ಮಡಚಿಟ್ಟಿದ್ದಾಳೆ, ನನಗೆ ತೋರಿಸಿಲ್ಲ. ದೇವರು ನಿಮ್ಮನ್ನು ಆ ಚಳಿಯಲ್ಲಿ ಬೆಚ್ಚಗಿಟ್ಟಿರಲಿ.

ಇಂತಿ ನಿಮ್ಮ
ನಾಗವೇಣಿ

ಮ.ವಿ.: ಮುತ್ತುರಾಜ್ ಬಂದು ಹೊರಗೆ ಗಾಡಿ ಆಫ್ ಮಾಡದೆ ನಿಂತಿದ್ದಾರೆ. ಇಷ್ಟು ಬರೆದರೂ ಹೇಳಬೇಕಾದ್ದು ಉಳಿದೇಹೋಯಿತು. ನಿನ್ನೆ ಬೆಳಿಗ್ಗೆ ಪ್ರಾರ್ಥನೆ ಕೇಳಿಸಿದಾಗ ರಮ್ಯ ನಡುಮನೆಯಲ್ಲಿ ಒಬ್ಬಳೇ ಎದ್ದು ಕೈಕಟ್ಟಿ ನಿಂತಳು. ಕೂತ್ಕೋ ಎಂದು ನನಗೆ ಹೇಳಲಾಗಲಿಲ್ಲ. ಮುಗಿದ ಮೇಲೆ, "ಅಪ್ಪಂಗೆ ಬೇಜಾರಾಗುತ್ತಾ ಅಮ್ಮ?" ಅಂತ ಒಂದೇ ಮಾತು ಕೇಳಿದಳು. ನಾಳೆ ಅವಳನ್ನು ಆ ಶಾಲೆಗೆ ಸೇರಿಸುತ್ತಿದ್ದೇನೆ. ನಿಮ್ಮನ್ನು ಕೇಳಿ ಉತ್ತರ ಬರುವಷ್ಟು ಹೊತ್ತು ಅವಳನ್ನು ಹಾಗೆ ನಿಲ್ಲಿಸಲಾರೆ. ಮೊದಲ ದಿನ ಗೇಟಿನ ತನಕ ಜೊತೆಗೆ ಬಾ ಎಂದು ಸಾಬಮ್ಮನನ್ನು ಕೇಳಿದ್ದೇನೆ, ಇಷ್ಟವಿದ್ದರೆ ಮಾತ್ರ ಅಂತಲೂ ಹೇಳಿದ್ದೇನೆ. ಅವಳು ಇನ್ನೂ ಹೂಂ ಅಂದಿಲ್ಲ.