ಮಂಡಿಯ ಕೆಳಗಿನ ದಾರಿ

ಫೆಬ್ರವರಿ 19

ಇವತ್ತೂ ಸಿಲ್ವರ್ ಮರಗಳೇ. ಹಬ್ಬಿದ ಬಳ್ಳಿಗಳಲ್ಲಿ ಕರಿಮೆಣಸು ಚೆನ್ನಾಗಿ ಬಿಟ್ಟಿದೆ. ನಾನು ಬಿದಿರೇಣಿಯ ಮೇಲೆ, ತುಳಸಿ ಕೆಳಗೆ ಉದುರಿದ್ದು ಆರಿಸುತ್ತಾ. “ಮನೇಲಂತೂ ಆಗಲ್ಲ, ಇಲ್ಲಾದ್ರೂ ಹೆಂಡ್ತಿಗಿಂತ ಮೇಲಿರು ಮಾರಾಯ,” ಎಂದು ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಕೂಸಪ್ಪ ರೇಗಿಸಿದರು. ಅವಳೇ ಜಾಸ್ತಿ ನಕ್ಕಿದ್ದು.

ಫೆಬ್ರವರಿ 22, ಆಸ್ಪತ್ರೆ

ಬಿದ್ದೆ. ಏಣಿಯ ಬಿದಿರು ಜಾರಿತು. ಬಲಗಾಲು, ಮಂಡಿಯಿಂದ ಕೆಳಗಿನ ಮೂಳೆ ನಡುವಿಗೆ ಎರಡು ತುಂಡು. ಒಳಗೆ ರಾಡ್ ಇಳಿಸಬೇಕಂತೆ.

ಡಾಕ್ಟರ್ ಮಾಳವಿಕಾ ಬಿಡಿಸಿ ಹೇಳಿದರು. “ಮಂಡಿ ಚಿಪ್ಪಿನ ಕೆಳಗಿಂದ ಇಳಿಸ್ತೀವಿ. ಮೇಲಿಂದಲೂ ಇಳಿಸಬಹುದು, ಅದರ ಸಲಕರಣೆ ಇಲ್ಲಿಲ್ಲ, ಮೈಸೂರಿಗೆ ಹೋಗ್ಬೇಕು. ಹೇಗೆ ಹಾಕಿದ್ರೂ ಮೂಳೆ ಕೂಡುತ್ತೆ. ಕೆಳಗಿಂದಾದ್ರೆ ಕೆಲವರಿಗೆ ಮಂಡಿ ಊರುವಾಗ ನೋವು ಉಳಿಯುತ್ತೆ. ಮಂಡಿ ಊರೋ ಕೆಲಸ ಏನಾದ್ರೂ ಇದ್ಯಾ?”

“ಇಲ್ಲ ಮೇಡಂ. ನಿಂತೇ ಮಾಡೋ ಕೆಲಸ.”

ತುಳಸಿಯೂ ತಲೆಯಾಡಿಸಿದಳು. ಮೈಸೂರು ಯಾಕೆ, ಇಲ್ಲೇ ಆಗಲಿ ಅಂದೆವು.

ಮೇ 6

ವಾಕರ್ ಬಿಟ್ಟೆ. ಕೋಲು ಸಾಕು. ಬರುವ ಕೊಯ್ಲಿಗೆ ನೀನೇ ಮೊದಲು ಹತ್ತೋದು ಅಂತಾಳೆ ತುಳಸಿ. ದಿನಾ ಅದೇ ಮಾತು.

ಆಗಸ್ಟ್ 30

ಎಕ್ಸ್‌ರೇ. ಮೂಳೆ ಪೂರ್ತಿ ಕೂಡಿದೆ! ಡಾಕ್ಟರ್ ಖುಷಿ, ನಾವೂ ಖುಷಿ. ಸೋಮವಾರಪೇಟೆ ಬಸ್‌ಸ್ಟ್ಯಾಂಡಿನವರೆಗೆ ನಡೆದೇ ಬಂದೆ. ತುಳಸಿ ಜಿಲೇಬಿ ತೆಗೆದುಕೊಂಡಳು.

ನವೆಂಬರ್ 11

ಸುಮ್ಮನೆ ಏಣಿ ಹತ್ತಿ ನೋಡಿದೆ. ಹತ್ತುವುದೇನೋ ಆಯಿತು. ಎರಡೂ ಕೈ ಬಿಟ್ಟು ಬಳ್ಳಿ ಹಿಡಿಯಬೇಕಲ್ಲ... ಆಗ ಬಲಮಂಡಿ ತಾನಾಗಿ ಹೋಗಿ ಬಿದಿರಿಗೆ ಊರಿತು.

ಜೀವ ಹೋದ ಹಾಗಾಯಿತು.

ಇಪ್ಪತ್ತು ವರ್ಷ ಮಂಡಿ ಊರಿಯೇ ನಿಂತಿದ್ದೆ. ಊರುತ್ತೇನೆಂದು ಗೊತ್ತೇ ಇರಲಿಲ್ಲ. ಎಡಮಂಡಿ ಊರಲು ನೋಡಿದೆ, ಮೈ ತಿರುಗಿಬಿಡುತ್ತದೆ. ಇಳಿದು ಬುಡದಲ್ಲೇ ಕೂತು ಅತ್ತೆ. ತುಳಸಿಗೆ ಹೇಳಿಲ್ಲ.

ಡಿಸೆಂಬರ್ 3

ಡಾಕ್ಟರ್ ಒತ್ತಿ ನೋಡಿದರು. ರಾಡ್ ತೆಗೆದರೂ ನೋವು ಹೋಗುತ್ತದೆಂದು ಹೇಳಲಾಗದಂತೆ. “ಕೆಲಸ ಬದಲಾಯಿಸೋಕಾಗುತ್ತಾ?” ಅಂದರು. ಬೇರೆ ಏನು ಬರುತ್ತದೆ ನನಗೆ? ಮಾತ್ರೆ ಕೊಟ್ಟರು ಅಂತಷ್ಟೇ ತುಳಸಿಗೆ ಹೇಳಿದೆ.

ಫೆಬ್ರವರಿ 14

ನಾಳೆಯಿಂದ ಕೊಯ್ಲು. ಪಕ್ಕದ ಲೈನ್‌ಮನೆಯ ನಿಂಗ ಬಂದ. ನಾನು ಬಾಗಿಲಲ್ಲೇ ಕೂತಿದ್ದೆ. ನನ್ನನ್ನು ಕೇಳಲು ಅವನಿಗೆ ಸಂಕೋಚ, ಒಳಗಿದ್ದ ತುಳಸಿಯತ್ತ ಮುಖ ಮಾಡಿ ಕೇಳಿದ. “ಅಕ್ಕಾ, ಅಣ್ಣನ ಏಣಿ... ಈ ಸಲ ಬೇಕಾಗುತ್ತಾ?”

ಒಳಗೆ ಪಾತ್ರೆಯ ಸದ್ದು ನಿಂತಿತು.

“ತಗೊಂಡ್ ಹೋಗಪ್ಪ. ಇಲ್ಲಿ ಹತ್ತೋರು ಯಾರೂ ಇಲ್ಲ.”

ಅಂದರೆ ಇವಳಿಗೆ ಗೊತ್ತಿತ್ತು. ಎಂದಿನಿಂದಲೋ. ನಿಂಗ ಏಣಿ ಹೆಗಲಿಗೇರಿಸಿದ. ಬಿಡು, ಅದು ನಂದು ಅನ್ನೋಣವೆಂದು ಎದ್ದೆ. ಬಾಯಿಂದ ಬಂದದ್ದು, “ಬುಡ ಗಟ್ಟಿಯಾಗಿ ಊರು ನಿಂಗ, ಜಾರುತ್ತೆ—”

ತುಳಸಿ ಇನ್ನೂ ಹೊರಗೆ ಬಂದಿಲ್ಲ. ನಾನೇ ಒಳಗೆ ಹೋಗಬೇಕು. ಹೋಗಿ ಏನು ಹೇಳಲಿ?