ತೊಟ್ಟಿಲ ಹಾಡಿನಲ್ಲಿ ಹೆಸರಿನ ಜಾಗ

ಡಿಸೆಂಬರ್ ೧೨, ವಾಮದಪದವು

ಉಮ್ಮ ಹೇಳಿ ಬರೆಸಿದ್ದ ತೊಟ್ಟಿಲ ಹಾಡಿನ ಫೈಲಿನಲ್ಲಿ ನನ್ನ ಹೆಸರು ತೆಗೆದು ಅಣ್ಣನ ಮಗು ಹೈಫಾಳ ಹೆಸರು ಹಾಕಬೇಕಿತ್ತು. ನಮ್ಮ ಮನೆಯಲ್ಲಿ ಹಾಡು ಅದೇ, ಮಗುವಿನ ಹೆಸರು ಮಾತ್ರ ಬೇರೆ. ಇನ್ನೊಂದು ಪ್ರತಿ ಇಟ್ಟುಕೊಳ್ಳದೆ, ಕಂಪ್ಯೂಟರಿನಲ್ಲಿ ಪದ ಬದಲಿಸುವ ಸೆಡ್ ಕಮಾಂಡನ್ನು ಮೂಲ ಫೈಲಿನ ಮೇಲೆಯೇ ಓಡಿಸಿದೆ. ಕಮಾಂಡ್ ತಪ್ಪಿತ್ತು. ತೆರೆದು ನೋಡಿದರೆ ಫೈಲು ಖಾಲಿ. ಎಂಥ ಪೆದ್ದಿ ನಾನು!

"ಅದಕ್ಕೆ ಅಳುವುದೆಂತ ಮಾರಾಯ್ತಿ? ಇನ್ನೊಮ್ಮೆ ಹೇಳ್ತೇನೆ, ಬರೆ," ಎಂದರು ಉಮ್ಮ. ಕಣ್ಣು ಮುಚ್ಚಿ ಹಾಡಿದರು. ಹೆಸರಿನ ಜಾಗದಲ್ಲಿ ನಾನೂ ಬರಲಿಲ್ಲ, ಹೈಫಾಳೂ ಬರಲಿಲ್ಲ. ಝುಲೈಖಾ ಬಂದಳು.

"ಅದು ಯಾರು ಉಮ್ಮ?"

"ನಿನ್ನ ಅಕ್ಕ, ನಾನೇ ಹೆತ್ತವಳು. ನಲವತ್ತು ದಿನ ತುಂಬುವ ಮೊದಲೇ ತೀರಿಹೋದಳು."

ನನಗೊಬ್ಬ ಅಕ್ಕ ಇದ್ದಳು! ಇಷ್ಟು ವರ್ಷ ನನ್ನದೆಂದುಕೊಂಡ ಹಾಡು ಅವಳದು. ಈಗ ಅಲ್ಲಿ ಹೈಫಾ ಎಂದು ಟೈಪ್ ಮಾಡಬೇಕು, ಬೆರಳು ಮಾತ್ರ ಝುಲೈಖಾ ಎಂದೇ ಒತ್ತುತ್ತಿದೆ.